ತಟ್ಟೆ, ಸುರುಳಿ, ಬಿಲ್ಲೆ



ಮನೆಯಲ್ಲಿ ಹಾಡು ಕೇಳಿಸುವ ಸಾಧನಗಳ ಇತಿಹಾಸವನ್ನು ಅವಲೋಕಿಸಿದರೆ ಅವುಗಳ ಆಯುಷ್ಯ ಕುಗ್ಗುತ್ತಲೇ ಬಂದಿರುವುದು ಕಾಣುತ್ತದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಅರಗಿನ ತಟ್ಟೆಗಾಗಿ. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಕೀಲಿ ಕೊಟ್ಟರೆ ತಿರುಗುತ್ತಿದ್ದುದರಿಂದ ವಿದ್ಯುತ್ತಿಲ್ಲದ ಊರುಗಳಲ್ಲೂ ಅದು ಹಾಡಿತು. ಅಬ್ದುಲ್ ಕರೀಂ ಖಾನರ ಠುಮ್ರಿಯನ್ನು ಇಂಥ ತಟ್ಟೆಯಲ್ಲಿ ಕೇಳಿದ ಬಾಲಕ ಭೀಮಸೇನ ಜೋಶಿ, 1933ರಲ್ಲಿ ಗುರುವನ್ನು ಅರಸುತ್ತ ನಮ್ಮ ನೆರೆಯ ಗದಗಿನ ಮನೆಯನ್ನೇ ಬಿಟ್ಟರು. ಈ ತಟ್ಟೆ ಆರು ದಶಕಕ್ಕೂ ಮಿಗಿಲಾಗಿ ಬಾಳಿತು.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ; ಇಪ್ಪತ್ತೈದು ವರ್ಷಗಳೊಳಗೆ ಅದು ಅಟ್ಟ ಸೇರಿತು. 1982ರಲ್ಲಿ ಸಿ.ಡಿ., 1993ರಲ್ಲಿ ವಿ.ಸಿ.ಡಿ. ಬಂದವು, ನಮ್ಮ ಮನೆಗಳಲ್ಲಿ ಅವು ಅಷ್ಟು ಕಾಲವೂ ನಿಲ್ಲಲಿಲ್ಲ. 1976ರಲ್ಲಿ ಹುಟ್ಟಿದ ವಿ.ಎಚ್.ಎಸ್. ಸುರುಳಿಯ ಯಂತ್ರಗಳ ತಯಾರಿಕೆ 2016ರಲ್ಲಿ ನಿಂತಿತು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅನೇಕ ವೇಳೆ ಸುರುಳಿಗಿಂತ ಮೊದಲು ಸಾಯುವುದು ಅದನ್ನು ಓದುವ ಯಂತ್ರ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳು ಎರಡು ಸಾವಿರ ವರ್ಷ ಮೀರಿದವು. ಕಲ್ಲು ಉಳಿದರೂ ಆ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಉಳಿಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸುವವರೆಗೆ ಅಂಥ ಶಾಸನಗಳೆಲ್ಲ ಮೂಕವಾಗಿದ್ದವು. ಕಲ್ಲು ಕಾಯಬಲ್ಲದು, ಟೇಪು ಅಷ್ಟು ಕಾಯಲಾರದು.

ಕ್ಯಾಸೆಟ್ಟಿಗೆ ಇನ್ನೊಂದು ವಿಶೇಷವಿತ್ತು. ತಟ್ಟೆ ಕೇಳಿಸುತ್ತಿತ್ತು, ಕ್ಯಾಸೆಟ್ಟು ಕೇಳಿಸಿಕೊಳ್ಳುತ್ತಲೂ ಇತ್ತು. ಎರಡು ಗುಂಡಿ ಒತ್ತಿದರೆ ಸಾಕು, ತಳಕಲ್ಲಿನಂಥ ಹಳ್ಳಿಯಲ್ಲೂ ಅಜ್ಜಿಯ ಬೀಸುವ ಪದ, ಮದುವೆಯ ಸೋಬಾನೆ, ಭಜನೆ, ಬಯಲಾಟದ ಮಾತು ಎಲ್ಲವನ್ನೂ ಹಿಡಿದಿಡಬಹುದಿತ್ತು. ಗೌಹರ್ ಜಾನರ ದನಿ ಇಂದಿಗೂ ಕೇಳುವುದು ಅದರ ಪ್ರತಿಗಳು ಹಲವು ಇದ್ದುದರಿಂದ. ಅಜ್ಜಿಯ ದನಿಗೆ ಇರುವುದು ಒಂದೇ ಪ್ರತಿ.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಒಂದು ವಿನಂತಿ. ಹಳೆಯ ಕ್ಯಾಸೆಟ್ಟುಗಳನ್ನು ಈ ಬೇಸಿಗೆಯಲ್ಲೇ ಹೊರತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ಕೊಡಿರಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಟೇಪ್ ರೆಕಾರ್ಡರಿನಿಂದ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ವರ್ಷ ಬರೆದಿಡಿರಿ. ಪ್ರತಿಗಳು ಎರಡು ಮನೆಗಳಲ್ಲಿರಲಿ. ಹತ್ತು ವರ್ಷಕ್ಕೊಮ್ಮೆ ಅಂದಿನ ಹೊಸ ಸಾಧನಕ್ಕೆ ಮತ್ತೆ ದಾಟಿಸಿರಿ. ಹಿಂದಿನವರು ಶಿಥಿಲವಾದ ತಾಳೆಗರಿಯನ್ನು ಹೊಸ ಗರಿಗೆ ಪ್ರತಿಮಾಡುತ್ತಿದ್ದುದು ಹೀಗೆಯೇ. ನಮ್ಮ ಕಾವ್ಯಗಳು ಉಳಿದದ್ದೂ ಹಾಗೆಯೇ.