ಅಜ್ಜನ ಮಿಲ್ಲೂ, ಮಿಲ್ಲರ್ ಎಂಬ ವಕೀಲನೂ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್ ಅನ್ನೋ ಹಳೇ ನೆಪ ಇದ್ದೇ ಇದೆ, ಬಿಡಿ :) ಕಳೆದ ತಿಂಗಳು ದಾವಣಗೆರೆಗೆ ಹೋಗಿದ್ದಾಗ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಅಜ್ಜನ ಟ್ರಂಕು ಸಿಕ್ಕಿತು. ಒಳಗೆ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ನಂಬರು. ಜೊತೆಗೊಂದು ಗೆರೆ ನೋಟ್‌ಬುಕ್ಕು. ಅದರ ಕೊನೇ ಪುಟದಲ್ಲಿ ಮಿಲ್ಲಿನವರು ಕೊಡಬೇಕಾದ ಬಾಕಿಯ ಲೆಕ್ಕ. ಮೂರು ತಿಂಗಳ ಸಂಬಳ, ಬೋನಸ್ಸು, ಗ್ರಾಚ್ಯುಟಿ ಎಲ್ಲಾ ಬರೆದು, ಕೂಡಿಸಿ, ಕೆಳಗೆ ಎರಡು ಗೆರೆ ಎಳೆದಿದ್ದ.

ಅಜ್ಜ ಕೆಲಸ ಮಾಡ್ತಿದ್ದ ಹತ್ತಿ ಮಿಲ್ಲು ನಾನು ಹುಟ್ಟೋಕೆ ಮುಂಚೇನೇ ಮುಚ್ಚಿತ್ತು. ಒಂದು ಬೆಳಿಗ್ಗೆ ಶಿಫ್ಟಿಗೆ ಹೋದರೆ ಗೇಟಿಗೆ ಬೀಗ. "ಮಿಲ್ಲು ಪಾಪರ್ ಆತು ನೋಡಪ್ಪಾ" ಅಂತ ಅಜ್ಜ ಹೇಳ್ತಿದ್ದ, ಯಾರೋ ನೆಂಟರು ತೀರಿಕೊಂಡ ಸುದ್ದಿ ಹೇಳೋ ಹಾಗೆ. ಈ ‘ಪಾಪರ್’ ನಮ್ಮ ಮಾತಲ್ಲಿ ಎಷ್ಟು ಬೆರೆತಿದೆ ಅಂದ್ರೆ, ಅದು ಇಂಗ್ಲಿಷಿನಿಂದ ಬಂದಿದ್ದು ಅಂತ ನನಗೆ ಗೊತ್ತಾಗಿದ್ದೇ ಇಂಜಿನಿಯರಿಂಗ್ ಸೇರಿದ ಮೇಲೆ. ಪಾಪರ್ ಆದ, ದಿವಾಳಿ ಎದ್ದ, ಮುಳುಗಿದ, ಪಂಗನಾಮ ಹಾಕಿದ... ಸಾಲ ತೀರಿಸಲಾಗದವನಿಗೆ ನಮ್ಮಲ್ಲಿ ಇರೋ ಮಾತುಗಳೆಲ್ಲ ಒಂದೋ ಸಾವಿನವು, ಇಲ್ಲಾ ಮೋಸದವು.

2008ರಲ್ಲಿ ನಾನಿನ್ನೂ ಪ್ರೈಮರಿ ಶಾಲೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದ ಚಿಕ್ಕಪ್ಪ ದಸರಾಕ್ಕೆ ಊರಿಗೆ ಬಂದಿದ್ದ, ಮುಖ ಬಾಡಿತ್ತು. ಅಮೆರಿಕಾದಲ್ಲಿ ಲೆಹ್ಮನ್ ಬ್ರದರ್ಸ್ ಅಂತ ಒಂದು ದೊಡ್ಡ ಬ್ಯಾಂಕು ದಿವಾಳಿ ಎದ್ದಿದೆ, ನಮ್ಮ ಪ್ರಾಜೆಕ್ಟು ಉಳಿಯೋದು ಡೌಟು ಅಂದ. ಅಜ್ಜ ಎಲೆ ಅಡಿಕೆ ಮೆಲ್ಲುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕೆಲಸದೋರ ಬಾಕಿ ಯಾರು ಕೊಡ್ತಾರಪ್ಪಾ?"

ಚಿಕ್ಕಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ನೋಟ್‌ಬುಕ್ ಕೈಗೆ ಸಿಕ್ಕ ಮೇಲೆ ಆ ಪ್ರಶ್ನೆ ತಲೇಲಿ ಕೊರೆಯೋಕೆ ಶುರುವಾಯ್ತು. ಓದುತ್ತಾ ಹೋದಾಗ ಸಿಕ್ಕಿದವನು ಹಾರ್ವೆ ಮಿಲ್ಲರ್, ಲೆಹ್ಮನ್ ಪರವಾಗಿ ಕೋರ್ಟಿಗೆ ಹೋದ ವಕೀಲ.

ಮಿಲ್ಲರ್ ಹುಟ್ಟಿದ್ದು 1933ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬ್ರೂಕ್ಲಿನ್ ಕಾಲೇಜಿನಲ್ಲಿ ಓದಿ, 1959ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ ತಗೊಂಡ. ಆಗ ನ್ಯೂಯಾರ್ಕಿನ ದೊಡ್ಡ ದೊಡ್ಡ ವಕೀಲಿ ಸಂಸ್ಥೆಗಳು ಯಹೂದಿ ಹುಡುಗರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದೇ ಸಂಸ್ಥೆಗಳು ದಿವಾಳಿ ಕೇಸುಗಳನ್ನೂ ಮುಟ್ಟುತ್ತಿರಲಿಲ್ಲ. ಮುಳುಗಿದ ಅಂಗಡಿಯ ಪಾತ್ರೆ ಪಗಡ ಹರಾಜು ಹಾಕಿಸೋ ಕೆಲಸ ಅದು, ಮರ್ಯಾದಸ್ತರದ್ದಲ್ಲ ಅನ್ನೋ ಭಾವನೆ. ಹಾಗಾಗಿ ಹೊರಗೆ ನಿಂತ ವಕೀಲರಿಗೆ, ಹೊರಗೆ ತಳ್ಳಿದ ಕೆಲಸ ಸಿಕ್ಕಿತು. ಮಿಲ್ಲರ್ ಈ ವಿದ್ಯೆ ಕಲಿತದ್ದು ಚಾರ್ಲ್ಸ್ ಸೆಲಿಗ್ಸನ್ ಎಂಬ ವಕೀಲ-ಪ್ರೊಫೆಸರ್ ಬಳಿ. 1969ರಲ್ಲಿ ವೈಲ್, ಗಾಟ್‌ಶಾಲ್ ಅಂಡ್ ಮ್ಯಾಂಜಸ್ ಸಂಸ್ಥೆ ಸೇರಿ, ಅಲ್ಲಿ ದಿವಾಳಿ ವಿಭಾಗವನ್ನೇ ಕಟ್ಟಿ ಬೆಳೆಸಿದ.

ಕಥೆ ತಿರುಗಿದ್ದು 1978ರಲ್ಲಿ. ಅಮೆರಿಕಾದ ಸಂಸತ್ತು ಹೊಸ ದಿವಾಳಿ ಕಾಯಿದೆ ತಂದಿತು, 1979ರ ಅಕ್ಟೋಬರಿನಿಂದ ಅದು ಜಾರಿಗೆ ಬಂತು. ಅದರ ಹನ್ನೊಂದನೇ ಅಧ್ಯಾಯವೇ ಪ್ರಸಿದ್ಧ ‘ಚಾಪ್ಟರ್ ಇಲೆವೆನ್’. ನಮ್ಮ ಭಾಷೇಲಿ ಹೇಳೋದಾದ್ರೆ ಅದು ಹೀಗಿದೆ. ಕಂಪನಿ ಕೋರ್ಟಿಗೆ ಅರ್ಜಿ ಹಾಕಿದ ಕ್ಷಣದಿಂದ ಸಾಲ ವಸೂಲಿ ನಿಲ್ಲಬೇಕು, ಯಾರೂ ಬಂದು ಯಂತ್ರ ಕಿತ್ತುಕೊಂಡು ಹೋಗುವ ಹಾಗಿಲ್ಲ. ಆಡಳಿತ ಮಂಡಳಿ ಅಲ್ಲೇ ಇದ್ದು ಕಂಪನಿ ನಡೆಸಬಹುದು. ಮೊದಲ ದಿನವೇ ಜಡ್ಜ್ ಮುಂದೆ ನಿಂತು, ಕೆಲಸಗಾರರ ಬಾಕಿ ಸಂಬಳ ಕೊಡೋಕೆ ಅನುಮತಿ ಕೇಳೋದು ವಾಡಿಕೆ. ಹೊಸದಾಗಿ ಸಾಲ ಕೊಡುವವರಿಗೆ ಹಳಬರಿಗಿಂತ ಮೊದಲ ಸ್ಥಾನ ಸಿಗಬಹುದು, ಇಲ್ಲದಿದ್ರೆ ಮುಳುಗೋ ದೋಣಿಗೆ ಯಾರು ಹಣ ಹಾಕ್ತಾರೆ? ಆಮೇಲೆ ಒಂದು ಯೋಜನೆ, ಅದಕ್ಕೆ ಸಾಲ ಕೊಟ್ಟವರ ವೋಟು. ಒಂದೊಂದು ವರ್ಗದಲ್ಲೂ ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಮೊತ್ತದಲ್ಲಿ ಮೂರನೇ ಎರಡು ಪಾಲು ಒಪ್ಪಬೇಕು.

ಇದೇ ಕಾಯಿದೆ ಇನ್ನೊಂದು ಕೆಲಸಾನೂ ಮಾಡಿತು. ಅಲ್ಲಿವರೆಗೆ ದಿವಾಳಿ ಕೇಸಿನಲ್ಲಿ ವಕೀಲರ ಫೀಸನ್ನು ಕೋರ್ಟು ಬಿಗಿಹಿಡಿಯುತ್ತಿತ್ತು. ಹೊಸ ಕಾಯಿದೆಯಲ್ಲಿ ಉಳಿದ ಕೇಸಿನಷ್ಟೇ ಫೀಸು. ಮೂಗು ಮುರಿಯುತ್ತಿದ್ದ ದೊಡ್ಡ ಸಂಸ್ಥೆಗಳೂ ಒಂದೊಂದಾಗಿ ದಿವಾಳಿ ವಿಭಾಗ ತೆರೆದವು! ಅಷ್ಟರಲ್ಲಿ ಮಿಲ್ಲರ್ ಅವರೆಲ್ಲರಿಗಿಂತ ಹತ್ತು ವರ್ಷ ಮುಂದಿದ್ದ.

ಹೊಸ ಕಾಯಿದೆಯನ್ನು ಎಲ್ಲಿವರೆಗೂ ಎಳೆಯಬಹುದು ಅನ್ನೋದಕ್ಕೆ ಟೆಕ್ಸಾಕೋ ಕೇಸು ನೋಡಿ. ಗೆಟ್ಟಿ ಆಯಿಲ್ ಎಂಬ ಕಂಪನಿಯನ್ನು ಪೆನ್ಜಾಯಿಲ್ ಕೊಳ್ಳೋ ಮಾತಾಗಿತ್ತು, ಮಧ್ಯೆ ಬಾಯಿ ಹಾಕಿ 1984ರಲ್ಲಿ ಟೆಕ್ಸಾಕೋ ಕೊಂಡುಬಿಟ್ಟಿತು. ಪೆನ್ಜಾಯಿಲ್ ಕೋರ್ಟಿಗೆ ಹೋಯ್ತು. 1985ರಲ್ಲಿ ಟೆಕ್ಸಾಸಿನ ಜ್ಯೂರಿ ಹಾಕಿದ ದಂಡ 1053 ಕೋಟಿ ಡಾಲರ್. ಅಪೀಲಿಗೆ ಹೋಗಬೇಕಾದ್ರೆ ಅಷ್ಟೇ ಮೊತ್ತದ ಬಾಂಡ್ ಇಡಬೇಕಿತ್ತು. 1987ರ ಏಪ್ರಿಲ್‌ನಲ್ಲಿ ಟೆಕ್ಸಾಕೋ ಮಿಲ್ಲರ್‌ನ ಜೊತೆ ದಿವಾಳಿ ಕೋರ್ಟಿಗೆ ಬಂತು. ಬಂಕಿನಲ್ಲಿ ಪೆಟ್ರೋಲ್ ಹಾಕ್ತಾನೇ ಇದ್ದರು, ಕಂಪನಿ ಗಟ್ಟಿಯಾಗಿಯೇ ಇತ್ತು. ವರ್ಷದೊಳಗೆ 300 ಕೋಟಿ ಡಾಲರಿಗೆ ರಾಜಿಯಾಗಿ 1988ರಲ್ಲಿ ಹೊರಬಂತು. ದಿವಾಳಿ ಅಂದ್ರೆ ಸಾವು ಅನ್ನೋ ಲೆಕ್ಕ ಅಲ್ಲಿ ಪೂರ್ತಿ ಬುಡಮೇಲಾಯ್ತು.

ಹಾಗಂತ ಇದೇನು ಸಂಜೀವಿನಿ ಪರ್ವತ ಅಲ್ಲ. 1989ರ ಮಾರ್ಚಿನಲ್ಲಿ ಈಸ್ಟರ್ನ್ ಏರ್‌ಲೈನ್ಸ್ ಇದೇ ಮಿಲ್ಲರ್ ಸಂಸ್ಥೆಯ ಕೈ ಹಿಡಿದು ಕೋರ್ಟಿಗೆ ಬಂತು. ಮೆಕ್ಯಾನಿಕ್‌ಗಳ ಮುಷ್ಕರ, ಮಾಲೀಕ ಫ್ರಾಂಕ್ ಲೊರೆಂಝೋ ಮೇಲೆ ಯಾರಿಗೂ ನಂಬಿಕೆ ಇಲ್ಲ. 1990ರಲ್ಲಿ ಕೋರ್ಟು ಅವನ ಕೈಯಿಂದ ಆಡಳಿತ ತಪ್ಪಿಸಿ ಟ್ರಸ್ಟಿಯನ್ನು ನೇಮಿಸಿತು. ಆಸ್ತಿ ಮಾರಿ ಬಂದ ಹಣಾನೂ ವಿಮಾನ ಹಾರಿಸೋ ನಷ್ಟಕ್ಕೇ ಹೋಯ್ತು. 1991ರ ಜನವರಿಯಲ್ಲಿ ಎಲ್ಲಾ ನಿಂತಿತು. ಮೊದಲ ದಿನವೇ ಬಾಗಿಲು ಹಾಕಿದ್ರೆ ಸಾಲ ಕೊಟ್ಟವರಿಗೆ ಹೆಚ್ಚು ಸಿಗ್ತಿತ್ತು ಅಂತ ಇವತ್ತಿಗೂ ಟೀಕೆ ಇದೆ. ಬದುಕಿಸೋ ಆಸೆಯಲ್ಲಿ ಇನ್ನೊಬ್ಬರ ದುಡ್ಡು ಕರಗಿಸಬಹುದು ಅನ್ನೋ ಪಾಠ ಅದು. ಮಿಲ್ಲರ್‌ನನ್ನು ಹೊಗಳಿ ಬರೆಯೋರು ಈ ಕೇಸನ್ನು ಬೇಗ ದಾಟಿಬಿಡ್ತಾರೆ.

ಮಧ್ಯೆ 2002ರಲ್ಲಿ ಮಿಲ್ಲರ್ ವಕೀಲಿ ಬಿಟ್ಟು ಗ್ರೀನ್‌ಹಿಲ್ ಎಂಬ ಹಣಕಾಸು ಸಂಸ್ಥೆಗೆ ಹೋದ. 2007ರಲ್ಲಿ ಹಳೇ ಮನೆಗೆ ವಾಪಸ್. ವಯಸ್ಸು ಎಪ್ಪತ್ತನಾಲ್ಕು. ಬೇರೆಯವರು ಮೊಮ್ಮಕ್ಕಳನ್ನು ಆಡಿಸೋ ವಯಸ್ಸಿನಲ್ಲಿ ಈತನ ಅತಿ ದೊಡ್ಡ ಕೇಸು ಇನ್ನೂ ಬರೋದಿತ್ತು.

2008ರ ಸೆಪ್ಟೆಂಬರ್ 14, ಭಾನುವಾರ. ಲೆಹ್ಮನ್ ಕೊಳ್ಳೋಕೆ ಯಾರೂ ಸಿಗಲಿಲ್ಲ, ಸರ್ಕಾರ ಹಣ ಕೊಡಲ್ಲ ಅಂದಿತು. ಮಿಲ್ಲರ್ ಮತ್ತು ಜೊತೆಯವರನ್ನು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಕರೆಸಿ, ಮಧ್ಯರಾತ್ರಿಯೊಳಗೆ ದಿವಾಳಿ ಅರ್ಜಿ ಹಾಕಬೇಕು ಅಂತ ಹೇಳಿದರು. ಯಾಕೆ ಇವತ್ತೇ, ಸ್ವಲ್ಪ ಸಮಯ ಕೊಡಿ, ಇದರಿಂದ ಮಾರುಕಟ್ಟೆಗೇ ಬೆಂಕಿ ಬೀಳುತ್ತೆ ಅಂತ ಮಿಲ್ಲರ್ ವಾದಿಸಿದ. ಅಲ್ಲಿ ಆ ಮಾತು ನಡೆಯಲಿಲ್ಲ. ಕಾಗದಪತ್ರ ಏನೂ ರೆಡಿ ಇರಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಕೆಲವೇ ಹಾಳೆಗಳ ಅರ್ಜಿ ಕೋರ್ಟಿಗೆ ಹೋಯ್ತು. ಆಸ್ತಿ 63,900 ಕೋಟಿ ಡಾಲರ್, ಸಾಲ 61,300 ಕೋಟಿ ಡಾಲರ್. ಅಮೆರಿಕಾದ ಚರಿತ್ರೆಯಲ್ಲೇ ಅತಿ ದೊಡ್ಡ ದಿವಾಳಿ. ಅಂದ ಹಾಗೆ, ಲೆಹ್ಮನ್ ಅಣ್ಣತಮ್ಮಂದಿರು 1850ರಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಶುರು ಮಾಡಿದ್ದು ಹತ್ತಿ ವ್ಯಾಪಾರ. ಇದನ್ನು ಓದಿದಾಗ ಅಜ್ಜ ಇದ್ದಿದ್ರೆ ಹೇಳಬಹುದಿತ್ತು ಅನ್ನಿಸ್ತು.

ಸತ್ತ ಮನೆಯಲ್ಲೂ ಉಳಿಸೋಕೆ ಏನೋ ಇತ್ತು. ಐದೇ ದಿನದಲ್ಲಿ ಬಾರ್ಕ್ಲೇಸ್ ಬ್ಯಾಂಕು ಲೆಹ್ಮನ್ನಿನ ಉತ್ತರ ಅಮೆರಿಕಾದ ವ್ಯವಹಾರ ಕೊಂಡಿತು. ಶುಕ್ರವಾರ ಶುರುವಾದ ವಿಚಾರಣೆ ಮಧ್ಯರಾತ್ರಿ ಮೀರಿ ನಡೆದು ಜಡ್ಜ್ ಜೇಮ್ಸ್ ಪೆಕ್ ಒಪ್ಪಿಗೆ ಕೊಟ್ಟರು. ಸುಮಾರು ಹತ್ತು ಸಾವಿರ ಜನರ ಕೆಲಸ ಆ ಮಾರಾಟದ ಜೊತೆ ಹೊಸ ಮನೆಗೆ ಹೋಯ್ತು. ಮುಂಬೈನ ಪೊವಾಯಿಯಲ್ಲಿದ್ದ ಲೆಹ್ಮನ್ ಆಫೀಸನ್ನು ಜಪಾನಿನ ನೊಮುರಾ ಕೊಂಡಿತು. ಆದರೆ ತಯಾರಿಯಿಲ್ಲದೆ ಒಂದೇ ರಾತ್ರಿಯಲ್ಲಿ ಕುಸಿದಿದ್ದರಿಂದ 7,500 ಕೋಟಿ ಡಾಲರ್‌ವರೆಗೂ ನಷ್ಟವಾಗಿರಬಹುದು ಅಂತ, ಲೆಹ್ಮನ್ನಿನ ಲೆಕ್ಕ ಚುಕ್ತಾ ಮಾಡೋಕೆ ನೇಮಕಗೊಂಡ ಬ್ರಯನ್ ಮಾರ್ಸಲ್ ಅವತ್ತೇ ಅಂದಾಜು ಕೊಟ್ಟಿದ್ದರು. ಕಾಯಿದೆ ಒಳ್ಳೇದಿದ್ರೆ ಸಾಲದು, ಅದನ್ನು ಬಳಸೋಕೆ ಹೊತ್ತೂ ಬೇಕು.

ಮುಂದಿನ ವರ್ಷ ಇದಕ್ಕೆ ಉಲ್ಟಾ ಉದಾಹರಣೆ. 2009ರ ಜೂನ್ 1ಕ್ಕೆ ಜನರಲ್ ಮೋಟಾರ್ಸ್ ಅರ್ಜಿ ಹಾಕಿತು, ವಕೀಲ ಮತ್ತೆ ಮಿಲ್ಲರ್. (ಮಿಲ್ಲರ್‌ನ ಆಫೀಸು ಇದ್ದದ್ದೂ ನ್ಯೂಯಾರ್ಕಿನ ಜನರಲ್ ಮೋಟಾರ್ಸ್ ಬಿಲ್ಡಿಂಗಿನಲ್ಲೇ!) ಈ ಸಲ ತಿಂಗಳುಗಟ್ಟಲೆ ತಯಾರಿ ಆಗಿತ್ತು, ಹಿಂದೆ ಸರ್ಕಾರದ ಹಣ ಇತ್ತು. ಒಳ್ಳೆ ಕಾರ್ಖಾನೆಗಳು ಹೊಸ ಕಂಪನಿಗೆ, ಮುಚ್ಚಿದ ಕಾರ್ಖಾನೆ ಮತ್ತು ಬಹುಪಾಲು ಹಳೇ ಸಾಲ ಹಳೇ ಕಂಪನಿಗೆ. ಜುಲೈ 10ಕ್ಕೆ ಹೊಸ ಜಿಎಂ ಹೊರಬಂತು, ಬರೀ ನಲವತ್ತು ದಿನ. ನಷ್ಟ ಆದವರೂ ಇದ್ದರು, ಬಾಗಿಲು ಮುಚ್ಚಿದ ಡೀಲರುಗಳು, ಹಳೇ ಷೇರುದಾರರು. ಆದರೆ ಕಾರಿನ ಲೈನು ಓಡ್ತಾ ಇತ್ತು.

ಇನ್ನು ಫೀಸಿನ ವಿಷಯ. ಮಿಲ್ಲರ್‌ನ ಒಂದು ಗಂಟೆಗೆ ಸುಮಾರು ಸಾವಿರ ಡಾಲರ್. ಲೆಹ್ಮನ್ ಕೇಸಿನಲ್ಲಿ ವಕೀಲರು, ಲೆಕ್ಕಿಗರು ಎಲ್ಲ ಸೇರಿ ತಗೊಂಡಿದ್ದು ನೂರು ಕೋಟಿ ಡಾಲರಿಗೂ ಎಷ್ಟೋ ಮೇಲೆ. ಆ ಹಣ ಬಂದಿದ್ದು ಸಾಲ ಕೊಟ್ಟವರ ಪಾಲಿನಿಂದಲೇ. ಡಾಕ್ಟರ ಬಿಲ್ಲು ರೋಗಿಯ ನೆಂಟರು ಕಟ್ಟಿದ ಹಾಗೆ. ಲೆಹ್ಮನ್ನಿನ ಷೇರು ದಲ್ಲಾಳಿ ಅಂಗದ ಲೆಕ್ಕ ಚುಕ್ತಾ ಆಗೋಕೆ 2022ರವರೆಗೆ ಹಿಡಿಯಿತು, ಹಂಚಿದ್ದು 11,500 ಕೋಟಿ ಡಾಲರಿಗೂ ಹೆಚ್ಚು. ಅದನ್ನು ನೋಡೋಕೆ ಮಿಲ್ಲರ್ ಇರಲಿಲ್ಲ. 2015ರ ಏಪ್ರಿಲ್‌ನಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡ.

ಈಗ ಅಜ್ಜನ ನೋಟ್‌ಬುಕ್ಕಿಗೆ ಬರೋಣ. ನಮ್ಮಲ್ಲಿ ಕಾಯಿದೆ ಇರಲಿಲ್ಲ ಅಂತೇನಲ್ಲ. 1985ರಲ್ಲೇ ರೋಗಗ್ರಸ್ತ ಕೈಗಾರಿಕೆಗಳ ಕಾಯಿದೆ ಬಂದು, ಬಿಐಎಫ್ಆರ್ ಅಂತ ಮಂಡಳಿ ಆಯ್ತು. ಕಾರ್ಮಿಕರ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಜೊತೆ ಸಮಾನ ಸ್ಥಾನ ಅನ್ನೋ ತಿದ್ದುಪಡಿಯೂ ಅದೇ ವರ್ಷದ್ದು. ಆದರೆ ಕೇಸುಗಳು ವರ್ಷಗಟ್ಟಲೆ ಎಳೆದವು. ಅಷ್ಟರಲ್ಲಿ ಯಂತ್ರಕ್ಕೆ ತುಕ್ಕು, ಕಾರ್ಮಿಕನಿಗೆ ಮುಪ್ಪು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನಿಂತಾಗಲೂ ನೌಕರರು ತಿಂಗಳುಗಟ್ಟಲೆ ಸಂಬಳ ಕಾಣದೆ ಬೀದಿಗಿಳಿದಿದ್ದರು. ಅದನ್ನು ಮುಚ್ಚೋ ಆದೇಶ ನಮ್ಮ ಹೈಕೋರ್ಟಿನಿಂದ ಬಂದಿದ್ದು 2016ರಲ್ಲಿ. ದಿವಾಳಿಗೆ ಗಡುವು ಇಟ್ಟ ಹೊಸ ಸಂಹಿತೆ ಬಂದಿದ್ದೂ ಅದೇ ವರ್ಷ. ಅಮೆರಿಕಾದ ಹಾಗೆ ಇಲ್ಲಿ ಹಳೇ ಆಡಳಿತ ಮಂಡಳಿ ಕುರ್ಚಿಯಲ್ಲಿ ಉಳಿಯಲ್ಲ, ಸಾಲ ಕೊಟ್ಟವರ ಸಮಿತಿ ತೀರ್ಮಾನ ಮಾಡುತ್ತೆ. 2019ರಲ್ಲಿ ಗಡುವನ್ನು 330 ದಿನ ಅಂತ ಮಾಡಿದರು. ಅದೇ ವರ್ಷ ನಿಂತ ಜೆಟ್ ಏರ್‌ವೇಸನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ನವೆಂಬರಿನಲ್ಲಿ. ಗಡುವು ಬರೆಯೋದು ಸುಲಭ ನೋಡಿ.

ಅಜ್ಜನ ಪ್ರಶ್ನೆಗೆ ಈಗ ನನ್ನ ಹತ್ತಿರ ಅರ್ಧ ಉತ್ತರ ಇದೆ. ಅಲ್ಲಿ ಕೆಲಸದೋರ ಬಾಕಿ ಯಾರೋ ಪುಣ್ಯಾತ್ಮ ಕೊಡಲ್ಲ. ಕಂಪನಿಗೆ ಇನ್ನೂ ಉಸಿರಿರುವಾಗಲೇ ಎಲ್ಲರನ್ನೂ ಒಂದು ಮೇಜಿಗೆ ಕೂರಿಸಿದ್ರೆ, ಕೊಡೋಕೆ ಏನಾದ್ರೂ ಉಳಿದಿರುತ್ತೆ, ಅಷ್ಟೇ. ಮಿಲ್ಲರ್ ಐವತ್ತು ವರ್ಷ ಮಾಡಿದ್ದು ಆ ಮೇಜು ಹಾಕೋ ಕೆಲಸ, ಭಾರೀ ಬಾಡಿಗೆ ತಗೊಂಡು. ಅಜ್ಜನ ಮಿಲ್ಲಿನ ಗೇಟಿಗೆ ಬೀಗ ಬಿದ್ದಾಗ ಒಳಗೆ ಮಗ್ಗಗಳಿದ್ದವು, ನೂಲಿತ್ತು, ಕೆಲಸ ಗೊತ್ತಿದ್ದ ನೂರಾರು ಜನ ಹೊರಗೆ ನಿಂತಿದ್ದರು. ಮೇಜು ಮಾತ್ರ ಇರಲಿಲ್ಲ.

ಬಿಲ್ಲೆ ಈಗ ನನ್ನ ಬೆಂಗಳೂರಿನ ಮನೇಲಿ, ಕೀಬೋರ್ಡ್ ಪಕ್ಕದಲ್ಲಿದೆ. ನಿಮ್ಮೂರಲ್ಲೂ ಮುಚ್ಚಿದ ಮಿಲ್ಲೋ, ಸಕ್ಕರೆ ಕಾರ್ಖಾನೆಯೋ ಇದ್ದರೆ, ಅಲ್ಲಿನವರಿಗೆ ಬಾಕಿ ಬಂತಾ, ಎಷ್ಟು ವರ್ಷಕ್ಕೆ ಬಂತು ಅಂತ ಬರೀರಿ. ನಮ್ಮಜ್ಜನ ಲೆಕ್ಕದ ಪುಟದಲ್ಲಿ ಎರಡು ಗೆರೆಯ ಕೆಳಗೆ ಜಾಗ ಖಾಲಿ ಇದೆ.