ಅರಸನ ದುಂದು, ಕಂಪನಿಯ ಲೆಕ್ಕ

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಪಟ್ಟ ಕಟ್ಟಿದಾಗ ಅವರಿನ್ನೂ ಐದರ ಮಗು. 1799ರ ಮೇ 4ರಂದು ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿತ್ತು. ಜೂನ್ 30ಕ್ಕೆ ಪಟ್ಟಾಭಿಷೇಕವೂ ಮುಗಿಯಿತು. ರಾಜ್ಯಭಾರವೆಲ್ಲ ದಿವಾನ್ ಪೂರ್ಣಯ್ಯನವರದು. ಟಿಪ್ಪುವಿನ ಕಾಲದಿಂದಲೇ ಹಣಕಾಸಿನಲ್ಲಿ ಪಳಗಿದ್ದ ಪೂರ್ಣಯ್ಯನವರದು ಬಲು ಬಿಗಿಯಾದ ಕೈ. ಅವರು ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿ ಕೂಡಿಟ್ಟಿದ್ದರೆಂದು ಬ್ರಿಟಿಷರ ಬರಹಗಳು ಹೇಳುತ್ತವೆ. 1811ರ ಹೊತ್ತಿಗೆ ಆ ಬೊಕ್ಕಸ ಹದಿಹರೆಯದ ಅರಸರ ಕೈಸೇರಿತು.

ಕೆಲವೇ ವರ್ಷಗಳಲ್ಲಿ ಅದು ಕರಗಿತೆಂದು ಕಂಪನಿಯ ಅಧಿಕಾರಿಗಳು ಬರೆದರು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಗೆ ಅರಸರನ್ನೇ ಉದಾಹರಣೆ ಮಾಡಿದರು. ಆರೋಪ ಪೂರಾ ಸುಳ್ಳೇನಲ್ಲ. ದಾನ, ದೇವಸ್ಥಾನ, ವಿದ್ವಾಂಸರು, ಸಂಗೀತಗಾರರು ಎಂದು ಅರಸರ ಕೈ ಧಾರಾಳವಾಗಿತ್ತು, ಸಾಲವೂ ಬೆಳೆದಿತ್ತು.

ಆದರೆ ಲೆಕ್ಕಪುಸ್ತಕದ ಇನ್ನೊಂದು ಪುಟವನ್ನೂ ತಿರುವಬೇಕು. 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷವರ್ಷವೂ ಕಂಪನಿಗೆ ಏಳು ಲಕ್ಷ ಸ್ಟಾರ್ ಪಗೋಡ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಿತ್ತು. ಕಂಪನಿಯೇ ಆಡಳಿತ ವಹಿಸಿಕೊಂಡರೆ ಅರಸರ ಸ್ವಂತ ಪಾಲಿಗೆ ಒಂದು ಲಕ್ಷ ಪಗೋಡ, ಜೊತೆಗೆ ನಿವ್ವಳ ಕಂದಾಯದ ಐದನೇ ಒಂದು ಭಾಗ. ಬೇಳೆ ಬೇಯಲಿ ಬೇಯದಿರಲಿ, ಕಂಪನಿಯ ಕಂತು ನಿಲ್ಲುವಂತಿರಲಿಲ್ಲ.

ಹಣ ಎತ್ತಲು ಬಳಕೆಗೆ ಬಂದದ್ದು ಶರತ್ತಿನ ಪದ್ಧತಿ. ತಾಲ್ಲೂಕಿನಿಂದ ಇಷ್ಟು ವಸೂಲು ಮಾಡಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಗಂಟಿನಿಂದ ತುಂಬಬೇಕು. ಅವನೇಕೆ ತುಂಬುತ್ತಾನೆ? ರೈತನ ಕುತ್ತಿಗೆ ಹಿಡಿಯುತ್ತಾನೆ. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಅದನ್ನೇ ನೆಪಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸೋಣವೆಂದು 1834ರಲ್ಲಿ ಅವನೇ ಸೂಚಿಸಿದರೂ ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ.

ಅಧಿಕಾರವಿಲ್ಲದ ಅರಸರು ಆಮೇಲೂ ಖರ್ಚು ಬಿಡಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ, 1861ರಲ್ಲಿ ಜಗನ್ಮೋಹನ ಅರಮನೆ, ನಡುವೆ ಬಣ್ಣಬಣ್ಣದ ಚಿತ್ರಗಳ 'ಶ್ರೀತತ್ತ್ವನಿಧಿ' ಗ್ರಂಥ. ಇದನ್ನೂ ದುಂದೆನ್ನುವವರು ಎನ್ನಲಿ. ಮೈಸೂರು ಇವತ್ತು ಹೆಮ್ಮೆಯಿಂದ ತೋರಿಸುವುದು ಇವುಗಳನ್ನೇ.

ಮುಂದಿನ ಮಕ್ಕಳು ಹಾಗೆ 'ಕೆಡಬಾರದು' ಎಂದು ಬ್ರಿಟಿಷರು ಟೊಂಕ ಕಟ್ಟಿದರು. ದತ್ತುಪುತ್ರ ಚಾಮರಾಜೇಂದ್ರರು 1868ರಲ್ಲಿ ಐದರ ವಯಸ್ಸಿಗೆ ಪಟ್ಟಕ್ಕೆ ಬಂದ ಬಳಿಕ ಅಂತಃಪುರದ ಮುದ್ದು ಮಿತಿಮೀರದಂತೆ ಕರ್ನಲ್ ಮ್ಯಾಲಿಸನ್‌ನನ್ನು ಪೋಷಕನಾಗಿ ನೇಮಿಸಿದರು. ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜರಿಗೆ ಸ್ಟುವರ್ಟ್ ಫ್ರೇಸರ್ ಗುರುವಾದ. ಜೊತೆಯಲ್ಲಿ ಕಲಿತ ಹುಡುಗರಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. ಮುಂದೆ ಅದೇ ಅರಸರ ದಿವಾನರು. ಈ ಶಿಕ್ಷಣದಿಂದ ಒಳ್ಳೆಯದಾಯಿತು ಎಂದು ಒಪ್ಪಲೇಬೇಕು.

ಉಪದೇಶ ಮಾಡಿದವರ ಮನೆಯಲ್ಲಿ ಮಾತ್ರ ಮಿತವ್ಯಯ ಕಾಣಲಿಲ್ಲ. ಅರಸರು ಪದೇಪದೇ ಯೂರೋಪಿಗೆ ಓಡಬಾರದೆಂದು 1900ರಲ್ಲಿ ಸುತ್ತೋಲೆ ಹೊರಡಿಸಿದ ವೈಸ್‌ರಾಯ್ ಕರ್ಜನ್, 1903ರಲ್ಲಿ ದೆಹಲಿಯಲ್ಲಿ ಭಾರೀ ದರ್ಬಾರನ್ನೇ ನಡೆಸಿದ.

ಪೊಗದಿಯ ಕಥೆಯೂ ಅಷ್ಟೆ. 1881ರಲ್ಲಿ ರಾಜ್ಯ ಹಿಂದಿರುಗಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸಲಾಯಿತು. 1896ರಿಂದ ಮೈಸೂರು ಆ ಹೆಚ್ಚಿನ ಮೊತ್ತವನ್ನೂ ಕಟ್ಟಿತು. ಹತ್ತೂವರೆ ಲಕ್ಷದ ಆ ಹೆಚ್ಚಳ ರದ್ದಾಗಲು 1920ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.