ಕಿತ್ತೂರು ಸೀಮೆಯ ಗೃಹಜೀವನ

ಕಿತ್ತೂರನ್ನು ಕುರಿತು ಬರೆದವರು ಸಾಮಾನ್ಯವಾಗಿ 1824ನೆಯ ಅಕ್ಟೋಬರ 23ರ ಕಾಳಗದಿಂದ ತೊಡಗಿ ಕೋಟೆಯ ಪತನದೊಡನೆ ಮುಗಿಸುತ್ತಾರೆ. ಆ ಕಾಳಗದ ಬೀಜವು ಮನೆಯೊಳಗೇ ಇದ್ದಿತೆಂಬುದನ್ನು ವಾಚಕರು ಲಕ್ಷಿಸಬೇಕು. ಶಿವಲಿಂಗರುದ್ರ ಸರ್ಜನು ಆ ವರ್ಷದ ಸಪ್ಟೆಂಬರದಲ್ಲಿ ಸಂತಾನವಿಲ್ಲದೆ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ. ಒಕ್ಕಲಿಗರ ಮನೆಯಲ್ಲಿಯೂ ನಡೆಯುವ ಸಂಸ್ಕಾರವೊಂದು ಇಲ್ಲಿ ಸಂಸ್ಥಾನದ ಅಳಿವು ಉಳಿವಿನ ಪ್ರಶ್ನೆಯಾಯಿತು.

ಆ ಮನೆಯ ದಿನಚರ್ಯೆಗೆ ಹಾಳುಬಿದ್ದ ಅರಮನೆಯೇ ಸಾಕ್ಷಿ. ಸ್ನಾನಗೃಹದ ತೊಟ್ಟಿಗಳು, ಅಡಿಗೆಮನೆ, ಧ್ರುವನಕ್ಷತ್ರದ ದರ್ಶನಕ್ಕೆಂದು ಗೋಡೆಯಲ್ಲಿರಿಸಿದ ಕೊಳವೆ. (ಕತ್ತಿ ಗುರಾಣಿಗಳನ್ನೇ ಅರಸುವವರು ಇದನ್ನು ನೋಡದೆ ಹೋಗುವುದುಂಟು.) ಚೆನ್ನಮ್ಮರಾಣಿಯ ಕೊನೆಯ ದಿನಗಳಾದರೋ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕಳೆದುವು, 1829ನೆಯ ಫೆಬ್ರುವರಿ 2ರಂದು ಆಕೆ ಅಲ್ಲಿಯೇ ಲಿಂಗೈಕ್ಯಳಾದಳು.

ಅರಮನೆ ಅಳಿದರೂ ಒಕ್ಕಲುಮಕ್ಕಳ ವಿನೋದಗಳು ಅಳಿಯಲಿಲ್ಲ. ಕಾರಹುಣ್ಣಿವೆಯಂದು ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವರು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಚಕ್ಕಡಿಯೇರಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಯ ನೆರಳಲ್ಲಿ ಸಜ್ಜೆರೊಟ್ಟಿ, ಎಣ್ಣೆಗಾಯಿ, ಕಡುಬುಗಳನ್ನುಣ್ಣುವರು. ಬನದ ಹುಣ್ಣಿವೆಗೂ ಭಾರತ ಹುಣ್ಣಿವೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಯಾತ್ರೆ. 1948ರ ವರೆಗೆ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದ ರಾಮದುರ್ಗದಿಂದ ಹೊರಟ ಚಕ್ಕಡಿಗೆ ಇದು ಪರರಾಜ್ಯದ ಪ್ರವಾಸವೇ ಸರಿ!

ದತ್ತಕದ ಮಾತು ಇನ್ನೊಂದಿದೆ. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು (1861-1906) ಸ್ವತಃ ದತ್ತುಪುತ್ರರು. ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಲಿಂಗಾಯತ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬಿಟ್ಟರು.